ತುಂಗಮ್ಮ ತುಂಬಿದ ಮಡಿಲು

ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋಗುವ ರಸ್ತೆಯಲ್ಲಿ ಆಗ ಒಂದು ಅಕ್ಕಿ ಗಿರಣಿ ಇತ್ತು. ಗಿರಣಿಯ ಸಾಹುಕಾರರು ಯಾರು ಎಂದರೆ ಊರಿನ ಅರ್ಧ ಜನ ತಡವರಿಸುತ್ತಿದ್ದರು. ಕಣದ ಮೇಸ್ತ್ರಿ ಯಾರು ಎಂದರೆ ಮಾತ್ರ ಯೋಚಿಸದೆ ಹೇಳುತ್ತಿದ್ದರು, ತುಂಗಮ್ಮ ಎಂದು. ಅವಳ ಗಂಟಲು ಅಂಥದ್ದು. ಯಂತ್ರ ಓಡುತ್ತಿರುವಾಗಲೂ ಅವಳ ಬೈಗುಳ ಕಣ ದಾಟಿ ರಸ್ತೆಗೆ ಕೇಳುತ್ತಿತ್ತು. ದಾರಿಹೋಕರು ತಮಗೇ ಬೈದಳೇನೋ ಎಂದು ಒಮ್ಮೆ ತಿರುಗಿ ನೋಡಿಯೇ ಮುಂದೆ ಹೋಗುತ್ತಿದ್ದರು.

ನನ್ನ ತಾಯಿ ವನಜಮ್ಮ ಅದೇ ಕಣದಲ್ಲಿ ದುಡಿದವಳು. ಈಗ ಬರೆಯುತ್ತಿರುವುದರಲ್ಲಿ ಅರ್ಧ ನನ್ನ ತಾಯಿ ಹೇಳಿದ್ದು, ಇನ್ನರ್ಧ ತುಂಗಮ್ಮ ತಾನೇ ಹೇಳಿಕೊಂಡದ್ದು. ಇದನ್ನು ಹೇಳುವಾಗ ಮಾತ್ರ ತುಂಗಮ್ಮನಿಗೆ ಆ ಗಂಟಲು ಇರುತ್ತಿರಲಿಲ್ಲ. ಹತ್ತಿರ ಕೂತು ಕಿವಿಗೊಡಬೇಕಾಗುತ್ತಿತ್ತು.

ಗಿರಣಿಯಲ್ಲಿ ಕುಸುಬಲಕ್ಕಿ ಮಾಡುತ್ತಿದ್ದರು. ನೆನೆಸಿದ ಭತ್ತವನ್ನು ದೊಡ್ಡ ಹಂಡೆಗಳಲ್ಲಿ ಬೇಯಿಸಿ, ಹಬೆಯಾಡುತ್ತಿರುವಾಗಲೇ ಬುಟ್ಟಿಯಲ್ಲಿ ಹೊತ್ತು ತಂದು ಗಾರೆಯ ಕಣದ ಮೇಲೆ ಹರವಬೇಕು. ಮರದ ಗೋರೆಯಿಂದ ಎಳೆಯುತ್ತ, ಕಾಲಿನಿಂದ ಸಾಲು ಬಿಡಿಸುತ್ತ ಒಣಗಿಸಬೇಕು. ಹಸಿ ಉಳಿದರೆ ಅಕ್ಕಿ ಮುಗ್ಗುತ್ತದೆ, ಹೆಚ್ಚು ಒಣಗಿದರೆ ನುಚ್ಚಾಗುತ್ತದೆ. ತುಂಗಮ್ಮ ಒಂದು ಕಾಳು ಕಚ್ಚಿ ನೋಡಿ, ಸಾಕೋ ಇನ್ನೂ ಬೇಕೋ ಎಂದು ಹೇಳುತ್ತಿದ್ದಳು. ಅವಳು ಸಾಕು ಎಂದ ಮೇಲೆ ಸಾಹುಕಾರರೂ ಎರಡನೆಯ ಮಾತು ಆಡುತ್ತಿರಲಿಲ್ಲ. ಹೆಂಗಸರ ಪೈಕಿ ಅವಳದ್ದೇ ಗಟ್ಟಿ ಜಾಗ.

ಕಣದ ಆಚೆ ಮಾತ್ರ ಅವಳಿಗೆ ಅಂಥ ಜಾಗ ಇರಲಿಲ್ಲ. ಗಂಡ ಆನಂದಪ್ಪ ಬಾಡಿಗೆ ಗಾಡಿ ಹೊಡೆಯುವವನು, ಒಳ್ಳೆಯ ಮನುಷ್ಯ. ಮಕ್ಕಳಾಗಲಿಲ್ಲ. ಮಕ್ಕಳಾಗದವಳನ್ನು ನಮ್ಮ ಕಡೆ ಯಾರೂ ಎದುರಿಗೆ ಏನೂ ಅನ್ನುವುದಿಲ್ಲ. ಬಸುರಿಗೆ ಮಡಿಲು ತುಂಬುವ ಹೊತ್ತಿಗೆ ಸರಿಯಾಗಿ ಯಾರೋ ಒಬ್ಬರು, "ತುಂಗಮ್ಮಾ, ಪಾಯಸ ತಳ ಹಿಡೀತೈತೇನೋ ನೋಡು" ಅನ್ನುತ್ತಾರೆ, ಅಷ್ಟೇ. ಅವಳು ಒಳಗೆ ಹೋಗಿ, ತಳ ಹಿಡಿಯದ ಪಾಯಸವನ್ನು ಸೌಟಿನಿಂದ ತಿರುಗಿಸುತ್ತ ನಿಲ್ಲುತ್ತಿದ್ದಳು. ಹೊರಗೆ ಹಾಡು ಮುಗಿದ ಮೇಲೆ ಬರುತ್ತಿದ್ದಳು. ಈ ನಯ ಇದೆಯಲ್ಲ, ಅದನ್ನು ನೆನೆಸಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಕಪಾಳಕ್ಕೆ ಹೊಡೆದಿದ್ದರೆ ಅವಳಾದರೂ ತಿರುಗಿ ಹೊಡೆಯುತ್ತಿದ್ದಳು.

ಮೊದಲೆಲ್ಲ ಗಿರಣಿಗೆ ಆಳು ಸೇರಿಸಿಕೊಳ್ಳುವುದು ಬಾಯಿಮಾತಿನಲ್ಲಿ. ಸುಗ್ಗಿ ಮುಗಿದ ಮೇಲೆ ಭತ್ತ ಇರುವತನಕ ಕೆಲಸ, ಆಮೇಲೆ ಮನೆ. ಅಂಜನಾಪುರದ ಕಾಲುವೆಯ ನೀರಿನಿಂದ ಬೇಸಿಗೆ ಬೆಳೆಯೂ ಬರತೊಡಗಿದ ಮೇಲೆ ಗಿರಣಿ ಮಳೆಗಾಲದಲ್ಲೂ ನಿಲ್ಲದಂತಾಯಿತು. ಆಗ ಶಿವಮೊಗ್ಗದಿಂದ ಲೇಬರ್ ಇನ್ಸ್‌ಪೆಕ್ಟರು ಬಂದು ಹೋಗಲು ಶುರುಮಾಡಿದರು. ಹೊಸ ಕಟ್ಟಳೆ ಬಂತು. ಹೊಸದಾಗಿ ಸೇರಿದವರು ಆರು ತಿಂಗಳು ಪರೀಕ್ಷೆಯ ಮೇಲೆ ಇರಬೇಕು. ಕೆಲಸ ಸರಿಯಿಲ್ಲದಿದ್ದರೆ ಅಷ್ಟರೊಳಗೆ ಬಿಡಿಸಬಹುದು. ಬಿಡಿಸದೆ ಆರು ತಿಂಗಳು ತುಂಬಿತೆಂದರೆ ಅವಳು ಕಾಯಂ. ಕಾಯಂ ಆದವಳನ್ನು ವಿಚಾರಣೆಯಿಲ್ಲದೆ ತೆಗೆಯುವ ಹಾಗಿಲ್ಲ. ಹೆರಿಗೆಗೆ ಹೋದರೆ ರಜೆಯ ಸಂಬಳ, ತಿರುಗಿ ಬಂದರೆ ಅವಳ ಜಾಗ ಅವಳಿಗೇ. ತುಂಗಮ್ಮನಂಥ ಹಳಬರನ್ನು ಕೇಳದೆಯೇ ಕಾಯಂ ಮಾಡಿದ್ದರು. ಉಳಿದವರಿಗೆ ಅದು ಕೈಗೆಟುಕಿದಂತೆ ಕಂಡು ಎಟುಕದೆ ಹೋಗುತ್ತಿತ್ತು. ಯಾವುದೋ ಒಂದು ನೆಪ ಬಂದು ಆರು ತಿಂಗಳು ತುಂಬುತ್ತಲೇ ಇರಲಿಲ್ಲ.

ಐವತ್ತೆಂಟನೇ ಇಸವಿಯ ಸಂಕ್ರಾಂತಿಯ ಹೊತ್ತಿಗೆ ಮಾಸ್ತಮ್ಮ ಬಂದು ಸೇರಿದಳು. ತವರು ಬಂದಳಿಕೆ, ಗಂಡ ರಾಜಪ್ಪ ಶಿಕಾರಿಪುರದ ಸಂತೆಮಾಳದಲ್ಲಿ ಮೂಟೆ ಹೊರುವವನು. ತುಂಡು ಭೂಮಿಯಿಲ್ಲ. ಮಳೆಗಾಲದಲ್ಲಿ ಕೂಲಿ ಸಿಗುವ ಕೆಲಸವನ್ನು ಅವಳ ತವರಿನಲ್ಲಾಗಲಿ ಅತ್ತೆಮನೆಯಲ್ಲಾಗಲಿ ಯಾರೂ ಕಂಡವರಲ್ಲ. ಸೇರಿದ ದಿನವೇ ಅವಳು ತುಂಗಮ್ಮನನ್ನು ಕೇಳಿದ್ದು, "ಅಕ್ಕಾ, ಕಾಯಂ ಆಗಬೇಕು ಅಂದ್ರ ಏನು ಮಾಡಬೇಕು?"

"ಬಾಯಿ ಮುಚ್ಚಿಕೊಂಡು ಭತ್ತ ಎಳೀಬೇಕು" ಎಂದು ತುಂಗಮ್ಮ ಗದರಿದಳು.

ಹುಡುಗಿ ಹಾಗೇ ಮಾಡಿದಳು. ಮೂರು ವಾರದೊಳಗೆ ಕಾಳು ಕಚ್ಚಿ ಹದ ಹೇಳುವುದನ್ನೂ ಕಲಿತಳು. ಮೊದಮೊದಲು ತುಂಗಮ್ಮ ಕಚ್ಚುವುದಕ್ಕೆ ಮುಂಚೆ ಅವಳು ಮೆಲ್ಲಗೆ "ಇನ್ನೊಂಚೂರು ಬಿಸಿಲು ಬೇಕು ಅಲ್ಲೇನಕ್ಕಾ?" ಅನ್ನುತ್ತಿದ್ದಳು. ಹಾಗೆ ಅಂದದ್ದು ಸುಳ್ಳಾಗುತ್ತಿರಲಿಲ್ಲ. ತುಂಗಮ್ಮ ಹೊರಗೆ ಬೈಯುತ್ತ ಒಳಗೆ ಹಿಗ್ಗುತ್ತಿದ್ದಳು. ಮಧ್ಯಾಹ್ನದ ಬುತ್ತಿಯಲ್ಲಿ ಅವಳ ಪಾಲಿನ ಉಪ್ಪಿನಕಾಯಿ ಮಾಸ್ತಮ್ಮನ ರೊಟ್ಟಿಯ ಮೇಲೆ ಹೋಗುತ್ತಿತ್ತು. ಮಾಸ್ತಮ್ಮ ಬಸುರಿ ಎಂದು ಮೊದಲು ಗೊತ್ತಾದದ್ದೂ ತುಂಗಮ್ಮನಿಗೇ. ಬೆಂದ ಭತ್ತದ ವಾಸನೆಗೆ ಹುಡುಗಿ ಸೆರಗು ಮುಚ್ಚಿಕೊಂಡು ಗೋಡೆಯ ಮರೆಗೆ ಓಡಿದ್ದನ್ನು ಅವಳು ಕಂಡಿದ್ದಳು.

"ಯಾರಿಗೂ ಹೇಳಬ್ಯಾಡಕ್ಕಾ" ಎಂದು ಮಾಸ್ತಮ್ಮ ಕೈ ಹಿಡಿದಳು. "ಕಾಯಂ ಆಗಿಬಿಡ್ಲಿ. ಆಮ್ಯಾಲೆ ನಾನೇ ಊರಿಗೆಲ್ಲ ಹೇಳ್ತೀನಿ."

ತುಂಗಮ್ಮ ಹೇಳಲಿಲ್ಲ. ಆದರೆ ಹೊಟ್ಟೆ ತಾನೇ ಹೇಳಿತು.

ಜ್ಯೇಷ್ಠ ಮಾಸ ಅರ್ಧ ಕಳೆದಿತ್ತು. ಮಳೆ ಒಂದೆರಡು ಸಲ ಬಂದು ಹೋಗಿದ್ದರಿಂದ ಭತ್ತವನ್ನು ಚಪ್ಪರದ ಕೆಳಗೆ ಎಳೆದು, ಬಿಸಿಲು ಬಂದಾಗ ಹೊರಗೆ ಎಳೆದು, ಹೆಂಗಸರು ಸುಸ್ತಾಗಿದ್ದರು. ಗಿರಣಿಯ ರೈಟರು ಗೋಪಾಲಪ್ಪ ತುಂಗಮ್ಮನನ್ನು ಕೊಠಡಿಗೆ ಕರೆದ. ರೈಟರು ಎಂದರೆ ಗಿರಣಿಯ ಬರವಣಿಗೆ, ಹಾಜರಿ, ಸಂಬಳ ಎಲ್ಲ ನೋಡಿಕೊಳ್ಳುವವನು. ಬಲು ಮೆದು ಮಾತಿನ ಆಸಾಮಿ.

"ಆ ಬಂದಳಿಕೆ ಹುಡುಗಿಗೆ ಏಳು ತಿಂಗಳಂತಲ್ಲ ತುಂಗಮ್ಮ" ಎಂದ. "ಮುಂದೆ ಆಷಾಢ. ಆಷಾಢದಾಗ ಮಡಿಲು ತುಂಬೋಹಂಗಿಲ್ಲ, ಶ್ರಾವಣದ ಹೊತ್ತಿಗೆ ತೀರ ಭಾರ ಆಗ್ತಾಳೆ. ಆಷಾಢ ಹುಟ್ಟೋದ್ರೊಳಗೆ ತವರಿಗೆ ಕಳಿಸಿಬಿಡೋದು ಚಲೋ."

"ಹೌದು ರೈಟ್ರೇ. ಆದರೆ ಅವಳ ಆರು ತಿಂಗಳು ಆಷಾಢದಾಗ ತುಂಬ್ತದಲ್ಲ."

"ಅದಕ್ಕೇ ಹೇಳಿದ್ದು" ಎಂದ ಗೋಪಾಲಪ್ಪ. ಸುತ್ತು ಬಳಸಿ ಹೇಳುವ ಅಗತ್ಯವೂ ಅವನಿಗೆ ಕಾಣಲಿಲ್ಲ. "ಕಾಯಂ ಆದಮ್ಯಾಲೆ ಹೆರಿಗೆಗೆ ಹೋದಳು ಅಂದರೆ ಸಂಬಳ ಕೊಡಬೇಕು, ಜಾಗ ಇಟ್ಟಿರಬೇಕು. ಒಬ್ಬಳಿಗೆ ಕೊಟ್ಟರೆ ನಾಳೆ ಎಲ್ಲಾರೂ ಬಸುರಾಗೇ ಬರ್ತಾರೆ. ಬಿಡಿಸಿದರೆ ಇನ್ಸ್‌ಪೆಕ್ಟ್ರು ಕೇಳ್ತಾರೆ. ಅವಳಾಗೇ ಹೋದರೆ ಯಾರೂ ಕೇಳೋದಿಲ್ಲ. ನಿನ್ನ ಮಾತು ಕೇಳ್ತಾಳೆ ಹುಡುಗಿ."

ತುಂಗಮ್ಮ ಹೊರಗೆ ಬಂದು ಗೋರೆ ಹಿಡಿದಳು. ಆ ದಿನ ಇಡೀ ಅವಳ ಬೈಗುಳ ಯಾರಿಗೂ ಕೇಳಲಿಲ್ಲ. ಅಲ್ಲಿಗೆ ಅದು ನಿಂತಿದ್ದರೆ ಅವಳು ಖಂಡಿತ ಮಾಸ್ತಮ್ಮನನ್ನು ಬಚಾವು ಮಾಡುತ್ತಿದ್ದಳು. ಹಾಗೆಂದು ನನ್ನ ತಾಯಿ ಹೇಳುತ್ತಿದ್ದಳು, ನಾನೂ ನಂಬುತ್ತೇನೆ.

ಅಲ್ಲಿಗೆ ನಿಲ್ಲಲಿಲ್ಲ. ಸಾಹುಕಾರರಾದ ಮಹಾಬಲಯ್ಯನವರದು ಸೊರಬದ ಕಡೆಯ ಅಡಿಕೆ ತೋಟದ ಮನೆತನ. ತಿಂಗಳಿಗೊಮ್ಮೆ ಬಂದು ಗಿರಣಿ ನೋಡಿ ಹೋಗುವವರು. ಆ ಸಲ ಹೆಂಡತಿ ಮೂಕಾಂಬಿಕಮ್ಮನವರನ್ನೂ ಕರೆತಂದಿದ್ದರು. ಅಮ್ಮನವರು ಕಾರಿನಿಂದ ಇಳಿದು ತುಂಗಮ್ಮನನ್ನು ಕರೆಸಿ, ಒಂದು ಹಸಿರು ಸೀರೆ, ಬಳೆ, ತೆಂಗಿನಕಾಯಿ ಕೊಟ್ಟರು.

"ಆ ಹುಡುಗಿಗೆ ಗಿರಣಿಯಿಂದಲೇ ಮಡಿಲು ತುಂಬಿ ಕಳಿಸುವ ಅಂತ ನಮ್ಮವರು ಹೇಳಿದ್ರು. ನಾನು ಮಡಿಯಲ್ಲಿದ್ದೇನೆ, ಮುಟ್ಟುವ ಹಾಗಿಲ್ಲ. ನೀನು ಹಿರಿಯಳು ತುಂಗಮ್ಮ. ಮೊದಲ ಬೊಗಸೆ ನೀನೇ ಹಾಕು."

ತುಂಗಮ್ಮನಿಗೆ ಕೇಳಿದ್ದು ನಿಜವೋ ಅಲ್ಲವೋ ಅನ್ನಿಸಿತು. "ನಾನೇನ್ರಮ್ಮಾ? ನಂಗೆ ಮಕ್ಕಳಿಲ್ಲ" ಅಂದಳು.

"ಅದೆಲ್ಲ ಯಾರು ನೋಡ್ತಾರೆ ಈಗ? ನೀನೇ ಹಾಕು" ಎಂದರು ಅಮ್ಮನವರು.

ಮೂಕಾಂಬಿಕಮ್ಮನವರಿಗೆ ರೈಟರ ಲೆಕ್ಕಾಚಾರ ಗೊತ್ತಿತ್ತೋ ಇಲ್ಲವೋ, ನಾನು ಹೇಳಲಾರೆ. ಗೊತ್ತಿರಲಿಲ್ಲ ಎಂದುಕೊಳ್ಳುವುದು ನನಗೆ ಇಷ್ಟ. ತುಂಗಮ್ಮನಿಗಂತೂ ಗೊತ್ತಿತ್ತು. ಆದರೆ ಅಷ್ಟು ವರ್ಷ ಪಾಯಸ ತಿರುಗಿಸುತ್ತ ನಿಂತಿದ್ದವಳನ್ನು ಹೊರಗೆ ಕರೆದು, ಎಲ್ಲರ ಮುಂದೆ, ಎಲ್ಲರಿಗಿಂತ ಮೊದಲು ನಿಲ್ಲು ಎಂದಿದ್ದರು. ಅವಳಿಗೆ ಬೇರೆ ಏನೂ ಕಾಣಲಿಲ್ಲ.

ಸಾಯಂಕಾಲ ಅವಳು ಮಾಸ್ತಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡಳು.

"ಇನ್ನೊಂದು ತಿಂಗಳು ಅಕ್ಕಾ" ಎಂದು ಹುಡುಗಿ ಅಂಗಲಾಚಿದಳು. "ಬುಟ್ಟಿ ಹೊರೋದು ಬ್ಯಾಡ ಅಂದ್ರ ಬಿಡ್ತೀನಿ. ಕೂತು ಹಸನು ಮಾಡ್ತೀನಿ. ಒಂದು ತಿಂಗಳು ಹೆಂಗಾರ ತಳ್ಳಿಬಿಡ್ತೀನಿ."

"ಚೊಚ್ಚಲು ಬಸುರು ಅಂದ್ರೆ ಹುಡುಗಾಟ ಅಂದ್ಕೊಂಡೀಯೇನೇ? ಆಷಾಢ ಬಂತಂದ್ರೆ ಮಡಿಲು ತುಂಬೋರು ಯಾರು? ಬರಿ ಮಡಿಲಾಗ ಹೋಗ್ತೀಯಾ ತವರಿಗೆ? ಸಾಹುಕಾರ್ರು ತಾವಾಗಿ ಸೀರೆ ಕಳಿಸ್ಯಾರೆ. ಬ್ಯಾಡ ಅಂದ್ರೆ ಏನು ಚಂದ?"

"ನನ್ನ ಜಾಗ?"

"ನಿನ್ನ ಜಾಗ ಎಲ್ಲಿಗೂ ಹೋಗೋದಿಲ್ಲ. ನಾನಿದ್ದೀನಲ್ಲ" ಎಂದಳು ತುಂಗಮ್ಮ.

ಮಾಸ್ತಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ "ಹಂಗಾದ್ರೆ ಆಯ್ತಕ್ಕಾ" ಎಂದಳು.

ಮಡಿಲು ತುಂಬುವ ದಿನ ಮಧ್ಯಾಹ್ನ ಯಂತ್ರ ನಿಲ್ಲಿಸಿದರು. ಚಪ್ಪರದ ಕೆಳಗೆ ಭತ್ತವನ್ನು ಬದಿಗೆ ಎಳೆದು, ಗೋಣಿಚೀಲ ಹಾಸಿ, ಅದರ ಮೇಲೆ ಕಂಬಳಿ ಹಾಸಿ ಮಾಸ್ತಮ್ಮನನ್ನು ಕೂರಿಸಿದರು. ಹಸಿರು ಸೀರೆಯಲ್ಲಿ ಹುಡುಗಿ ಗುರುತು ಸಿಗದ ಹಾಗಿದ್ದಳು. ಹಮಾಲರು ದೂರ ನಿಂತು ನೋಡಿದರು. ಹೆಂಗಸರು ಹಾಡು ಹೇಳಿದರು, ಕೋಸಂಬರಿ ಪಾನಕ ಹಂಚಿದರು. ತುಂಗಮ್ಮ ಮೀಸಲು ತೆಗೆದಿಟ್ಟ ಅಕ್ಕಿಯನ್ನು ಬೊಗಸೆಯಲ್ಲಿ ತುಂಬಿ, ಮಾಸ್ತಮ್ಮ ಒಡ್ಡಿದ ಸೆರಗಿಗೆ ಮೊದಲು ಹಾಕಿದಳು. ಆಮೇಲೆ ಕಾಯಿ, ಬೆಲ್ಲ, ವೀಳ್ಯ, ಬಳೆ. ಅವಳ ಹಿಂದೆ ಮಕ್ಕಳೊಂದಿಗರು ಸಾಲಾಗಿ ನಿಂತಿದ್ದರು. ತನ್ನ ಸರದಿಗೆ ಕಾಯುತ್ತಿದ್ದ ನನ್ನ ತಾಯಿ ಹೇಳುತ್ತಿದ್ದಳು, ತುಂಗಮ್ಮನ ಮುಖ ಅವತ್ತು ಮದುಮಗಳ ಮುಖದ ಹಾಗಿತ್ತು ಎಂದು.

ಮಾಸ್ತಮ್ಮ ತುಂಬಿದ ಸೆರಗು ಹಿಡಿದುಕೊಂಡೇ ಬಾಗಿ ತುಂಗಮ್ಮನ ಕಾಲು ಮುಟ್ಟಿದಳು. ರಾಜಪ್ಪ ಗಾಡಿ ತಂದಿದ್ದ. ಮಡಿಲು ತುಂಬಿಸಿಕೊಂಡು ತವರಿಗೆ ಹೊರಟವಳು ಕೂಸಿನೊಂದಿಗೇ ತಿರುಗಿ ಬರಬೇಕೆಂಬುದು ನಮ್ಮ ಕಡೆಯ ರೂಢಿ. ಗಾಡಿ ರಸ್ತೆಗೆ ಇಳಿಯುವಾಗ ಗೋಪಾಲಪ್ಪ ತನ್ನ ಕೊಠಡಿಯ ಬಾಗಿಲಲ್ಲಿ ನಿಂತು ಕೈಮುಗಿದನಂತೆ. ಅದು ತುಂಗಮ್ಮನ ಕಣ್ಣಿಗೂ ಬಿತ್ತು. ಹಿಗ್ಗೆಲ್ಲ ಅಲ್ಲೇ ಇಳಿದುಹೋಯಿತು ಎಂದು ಅವಳೇ ಹೇಳುತ್ತಿದ್ದಳು.

ಭಾದ್ರಪದದಲ್ಲಿ ಹೆಣ್ಣು ಕೂಸು ಹುಟ್ಟಿದ ಸುದ್ದಿ ಬಂತು. ದೀಪಾವಳಿ ಕಳೆದ ಮೇಲೆ ಮಾಸ್ತಮ್ಮ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬೆಳಗ್ಗೆ ಕೆಲಸದ ಹೊತ್ತಿಗೆ ಗಿರಣಿಗೆ ಬಂದಳು. ಬುತ್ತಿಯನ್ನೂ ಕಟ್ಟಿಕೊಂಡು ಬಂದಿದ್ದಳು. ಅವಳ ಜಾಗದಲ್ಲಿ ಹೊಸಬಳು ಗೋರೆ ಎಳೆಯುತ್ತಿದ್ದಳು, ಅವಳೂ ಪರೀಕ್ಷೆಯ ಮೇಲೆ.

"ನೀನಾಗೇ ಬಿಟ್ಟು ಹೋದೆಯಲ್ಲಮ್ಮ" ಎಂದ ಗೋಪಾಲಪ್ಪ. "ಮರ್ಯಾದೆಯಿಂದ ಕಳಿಸಿಕೊಟ್ವಿ. ಆರು ತಿಂಗಳು ತುಂಬೋ ಮುಂಚೆ ಹೋದವರಿಗೆ ಜಾಗ ಇರೋದಿಲ್ಲ."

ಮಾಸ್ತಮ್ಮ ಜಗಳವಾಡಲಿಲ್ಲ. ಕಣದ ಕಡೆ ತಿರುಗಿ ತುಂಗಮ್ಮನನ್ನು ಹುಡುಕಿದಳು. ತುಂಗಮ್ಮ ಬಗ್ಗಿ ಒಂದು ಕಾಳು ಎತ್ತಿಕೊಂಡು ಕಚ್ಚಿದಳು. ಅದು ಆಗಷ್ಟೇ ಹಂಡೆಯಿಂದ ಬಂದ ಭತ್ತ, ಕಚ್ಚಿ ನೋಡುವಂಥದ್ದೇ ಅಲ್ಲ. ಅದನ್ನು ಎಲ್ಲ ಹೆಂಗಸರೂ ನೋಡಿದರು. ಮಾಸ್ತಮ್ಮನೂ ನೋಡಿ, ಕೂಸಿನ ತಲೆಗೆ ಸೆರಗು ಹೊದಿಸಿಕೊಂಡು ಹೊರಟುಹೋದಳು.

ರಾಜಪ್ಪನಿಗೆ ಸಂತೆಮಾಳದಲ್ಲಿ ಯಾರೋ ಹೇಳಿದರು, ಲೇಬರ್ ಇನ್ಸ್‌ಪೆಕ್ಟರು ಪ್ರವಾಸಿ ಮಂದಿರಕ್ಕೆ ಬಂದಿದ್ದಾರೆ, ಹೋಗಿ ಕೇಳು ಎಂದು. ಗಂಡಹೆಂಡತಿ ಹೋಗಿ ಹೇಳಿಕೊಂಡರು. ಮಾರನೆಯ ದಿನವೇ ಇನ್ಸ್‌ಪೆಕ್ಟರು ಗಿರಣಿಗೆ ಬಂದರು. ಕನ್ನಡಕ ಹಾಕಿದ, ಸಣ್ಣ ಪ್ರಾಯದ, ಸೌಮ್ಯ ಮನುಷ್ಯ. ರೈಟರ ಕೊಠಡಿಯಲ್ಲೇ ಕೂತು ತುಂಗಮ್ಮನನ್ನು ಕರೆಸಿದರು. ಗೋಪಾಲಪ್ಪ ಅಲ್ಲೇ ಪಕ್ಕದಲ್ಲಿ ನಿಂತಿದ್ದ.

"ನೋಡಿ ಅಮ್ಮಾ, ನೀವು ಕಣದ ಮೇಸ್ತ್ರಿ. ಆ ಹೆಂಗಸನ್ನ ಗಿರಣಿಯವರು ಕಳಿಸಿದರೋ, ಅವಳೇ ಬಿಟ್ಟು ಹೋದಳೋ?"

"ಮಡಿಲು ತುಂಬಿದ್ವಿ ಸ್ವಾಮಿ. ತವರಿಗೆ ಹೋದ್ಲು."

"ಅದು ಸರಿ. ಹೋಗು ಅಂತ ಯಾರಾದರೂ ಹೇಳಿದ್ರಾ?"

"ಬಸುರಿ ಹೆಣ್ಣುಮಕ್ಕಳು ತವರಿಗೆ ಹೋಗ್ತಾರೆ ಸ್ವಾಮಿ. ಅದನ್ನ ಯಾರು ಹೇಳಬೇಕು?"

ಒಂದು ಮಾತೂ ಸುಳ್ಳಲ್ಲ. ನನ್ನನ್ನು ಕೇಳಿದರೆ ಇದಕ್ಕಿಂತ ಶುದ್ಧ ಸುಳ್ಳನ್ನು ತುಂಗಮ್ಮ ಜನ್ಮದಲ್ಲಿ ಆಡಿರಲಿಲ್ಲ. ಇನ್ಸ್‌ಪೆಕ್ಟರು ಪೆನ್ನು ಮುಚ್ಚಿದರು. ಹೊರಗೆ ಬೇಲಿಯ ಹತ್ತಿರ ಕಾಯುತ್ತಿದ್ದ ಮಾಸ್ತಮ್ಮನಿಗೆ ತಾವೇ ಹೋಗಿ ತಿಳಿಸಿ ಹೇಳಿದರು. ಬಿಡಿಸಿದ್ದರೆ ಕೇಳಬಹುದಿತ್ತು, ತಾನಾಗಿ ಹೋದದ್ದಕ್ಕೆ ಕೇಳಲು ದಾರಿಯಿಲ್ಲ ಎಂದರು. ಅವರ ದನಿಯಲ್ಲಿ ಬೇಸರವಿತ್ತು. ಮಾಸ್ತಮ್ಮ ಗಂಡನ ಜೊತೆ ಬಂದಳಿಕೆಗೆ ಹೋದಳು ಎಂದು ಆಮೇಲೆ ಗೊತ್ತಾಯಿತು. ಶಿಕಾರಿಪುರದ ಬಾಡಿಗೆ ಕೋಣೆ ಬಿಟ್ಟುಬಿಟ್ಟಿದ್ದರು.

ತುಂಗಮ್ಮನಿಗೆ ಊಟ ಸೇರದಾಯಿತು. ಅವಳು ಕಚ್ಚಿ ಹೇಳಿದ ಹದ ಒಂದೆರಡು ಸಲ ತಪ್ಪಿತು. ಮಾಸ್ತಮ್ಮನ ಜಾಗಕ್ಕೆ ಬಂದ ಹೊಸಬಳನ್ನು ಅವಳು ಬೈಯಲೂ ಇಲ್ಲ, ಹತ್ತಿರ ಸೇರಿಸಲೂ ಇಲ್ಲ. ಆನಂದಪ್ಪ ಕೇಳಿದರೆ, "ಪಾಪ ಮಾಡೀನಿ ಕಣ್ರೀ, ಏನಂತ ಹೇಳ್ಲಿ" ಅನ್ನುವಳು. ಏನು ಪಾಪ ಎಂದು ಮಾತ್ರ ಹೇಳಳು. ಗಂಡ ಪಾಪ, ಎತ್ತಿಗೆ ದೃಷ್ಟಿ ತೆಗೆಯುವಂತೆ ಇವಳಿಗೂ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದನಂತೆ.

ಎಲ್ಲಕ್ಕಿಂತ ಕ್ರೂರವಾದದ್ದು ಇನ್ನೊಂದು. ಮಾಸ್ತಮ್ಮನಿಗೆ ಸುಖವಾಗಿ ಹೆರಿಗೆಯಾಗಿ ಕೂಸು ಗುಂಡಗಿದೆ ಎಂಬ ಸುದ್ದಿ ಓಣಿಯಲ್ಲೆಲ್ಲ ಹಬ್ಬಿತ್ತು. ತುಂಗಮ್ಮನ ಕೈಗುಣ ಒಳ್ಳೆಯದು ಎಂದು ಯಾರೋ ಆಡಿದರು. ಅಷ್ಟು ಸಾಕಾಯಿತು. ಮಡಿಲು ತುಂಬಲು ಅವಳನ್ನು ಕರೆಯುವವರು ಮನೆ ಬಾಗಿಲಿಗೆ ಬರತೊಡಗಿದರು. ಪಾಯಸ ತಿರುಗಿಸಲು ಕಳಿಸುತ್ತಿದ್ದವರೇ ಈಗ ಕುಂಕುಮ ಹಿಡಿದುಕೊಂಡು ಬಂದರು. ಒಂದು ಮನೆಗೆ ಅವಳು ಹೋದಳು. ಬೊಗಸೆಯಲ್ಲಿ ಅಕ್ಕಿ ಎತ್ತಿದಾಗ ಅರ್ಧ ನೆಲಕ್ಕೆ ಚೆಲ್ಲಿತು. ಅಲ್ಲಿಂದ ಮುಂದೆ ಯಾರು ಕರೆದರೂ ಮೈಗೆ ಸರಿಯಿಲ್ಲ ಎಂದಳು.

ಸಂಕ್ರಾಂತಿಗೆ ಮುಂಚೆ ಒಂದು ದಿನ ಅವಳು ರೈಟರನ್ನು ಕೇಳದೆ ರಜೆ ಹಾಕಿ, ಬಸ್ಸಿನಲ್ಲಿ ಅರ್ಧ ದಾರಿ ಹೋಗಿ, ಉಳಿದದ್ದು ನಡೆದು ಬಂದಳಿಕೆಗೆ ಹೋದಳು. ಹಳೆಯ ಕಲ್ಲುಗುಡಿಗಳ ಆಚೆ ಮಾಸ್ತಮ್ಮನ ತವರು. ಮಾಸ್ತಮ್ಮ ಯಾರದೋ ಹೊಲದ ಕಟಾವಿಗೆ ಹೋಗಿದ್ದಳು. ಅವಳ ತಾಯಿ ಸುಂಕಲಮ್ಮ ಇವಳನ್ನು ಕಂಡು ಸಡಗರಪಟ್ಟು ಕಾಲಿಗೆ ನೀರು ಕೊಟ್ಟಳು.

"ಬಾರವ್ವ ತುಂಗವ್ವಾ. ನಿನ್ನ ಕೈಲೆ ತುಂಬಿದ ಮಡಿಲು ನೋಡು, ಹೆಂಗ ಬೆಳದಾಳ" ಎಂದು ತೊಟ್ಟಿಲಿನಿಂದ ಕೂಸನ್ನು ಎತ್ತಿ ತುಂಗಮ್ಮನ ತೊಡೆಯ ಮೇಲೆ ಮಲಗಿಸಿದಳು.

ಕೂಸು ಅವಳ ಬೆರಳು ಹಿಡಿದುಕೊಂಡಿತು. ಬೆಚ್ಚಗೆ ಭಾರವಾಗಿತ್ತು. ಮಾಸ್ತಮ್ಮ ಬರುವತನಕ ತುಂಗಮ್ಮ ಕಾಲು ಜೋಮು ಹಿಡಿದರೂ ಅಲುಗಾಡಲಿಲ್ಲ. ಏನೂ ಹೇಳದೆ, ಹೀಗೇ ಕೂತಿದ್ದು, ನೋಡಿಕೊಂಡು ಹೋಗಲು ಬಂದೆ ಎಂದು ಹೇಳಿ ಹೊರಟುಬಿಡಬೇಕೆಂಬ ಆಸೆ ಬಲವಾಗಿ ಬಂತು ಎಂದು ಅವಳು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದಳು.

ಮಾಸ್ತಮ್ಮ ಕುಡುಗೋಲು ಸೂರಿಗೆ ಸಿಕ್ಕಿಸಿ ಒಳಗೆ ಬಂದಳು. ತೊಡೆಯ ಮೇಲಿದ್ದ ಕೂಸನ್ನು ನೋಡಿ ನಿಂತಳು.

"ನಂಗೆ ಗೊತ್ತಿತ್ತು ಮಾಸ್ತಿ" ಎಂದಳು ತುಂಗಮ್ಮ. "ನಿನ್ನ ಕಾಯಂ ತಪ್ಪಿಸಾಕೇ ಮಡಿಲು ತುಂಬಿಸಿದ್ದು. ರೈಟರು ಮುಂಚೇನೇ ಹೇಳಿದ್ದ. ನಂಗೆ ಮೊದಲ ಬೊಗಸೆ ಹಾಕು ಅಂದ್ರು. ಆ ಆಸೆಗೆ ಬಿದ್ದು ನಿನ್ನ ಕಳಿಸ್ದೆ. ಜಾಗ ಹೋಗೋದಿಲ್ಲ ಅಂತ ನಿಂಗೆ ಸುಳ್ಳು ಹೇಳ್ದೆ."

ಸುಂಕಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾಸ್ತಮ್ಮ ಕೂಗಾಡಲಿಲ್ಲ, ಅಳಲಿಲ್ಲ. ಬಗ್ಗಿ, ತುಂಗಮ್ಮನ ಬೆರಳಿನಿಂದ ಕೂಸಿನ ಕೈ ಬಿಡಿಸಿ, ಕೂಸನ್ನು ಎತ್ತಿಕೊಂಡಳು.

"ನಾನಿದ್ದೀನಿ ಅಂದ್ಯಲ್ಲ, ಅದಕ್ಕ ಹೋದೆ" ಎಂದಳು. "ಇಲ್ಲಾಂದ್ರ ಬರಿ ಮಡಿಲಾಗೇ ಇರ್ತಿದ್ದೆ. ಇದನ್ನ ನಂಗ ಯಾಕ ಹೇಳ್ತೀ? ಕೇಳೋರಿಗೆ ಹೇಳು."

ತುಂಗಮ್ಮ ಎದ್ದಳು. ಇನ್ಸ್‌ಪೆಕ್ಟರು ಆ ವಾರ ಸೊರಬದಲ್ಲಿ ಕ್ಯಾಂಪು ಇದ್ದಾರೆಂದು ವಿಚಾರಿಸಿಕೊಂಡು, ಮರುದಿನ ಬೆಳಗ್ಗೆ ಸೊರಬಕ್ಕೆ ಹೋದಳು. ಸಾಹುಕಾರರ ಮನೆಯ ಮುಂದಿನ ರಸ್ತೆಯಲ್ಲೇ ನಡೆದು ಹೋಗಬೇಕಿತ್ತು. ಮೂಕಾಂಬಿಕಮ್ಮನವರು ಕಂಡುಬಿಟ್ಟರೆ ತನ್ನ ಧೈರ್ಯ ಕರಗಿಹೋದೀತೆಂದು ಸೆರಗು ಮುಖಕ್ಕೆ ಎಳೆದುಕೊಂಡು ನಡೆದಳು.

ಇನ್ಸ್‌ಪೆಕ್ಟರು ಅವಳನ್ನು ಗುರುತು ಹಿಡಿದರು. ಕೂರಲು ಹೇಳಿದರೂ ಅವಳು ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು. ಗೋಪಾಲಪ್ಪ ಕೊಠಡಿಯಲ್ಲಿ ಆಡಿದ ಮಾತು, ಮಾಸ್ತಮ್ಮ ಒಂದು ತಿಂಗಳು ಬಿಡಿ ಎಂದು ಬೇಡಿಕೊಂಡದ್ದು, ತಾನು ಒಪ್ಪಿಸಿದ್ದು.

"ಅವಳ ಕೆಲಸ ಹೇಗಿತ್ತು?" ಎಂದು ಅವರು ಕೇಳಿದರು.

"ನನ್ನ ಕಣದಾಗ ಅಂಥ ಕೈ ಇನ್ನೊಂದಿಲ್ಲ ಸ್ವಾಮಿ."

"ಪರೀಕ್ಷೆಯ ಮೇಲಿದ್ದವಳನ್ನ ಕೆಲಸ ಬರೋದಿಲ್ಲ ಅಂತ ಬಿಡಿಸಬಹುದು. ಕಾಯಂ ಆಗೋದನ್ನ ತಪ್ಪಿಸೋದಕ್ಕೆ ಉಪಾಯ ಮಾಡಿ ಕಳಿಸೋ ಹಾಗಿಲ್ಲ" ಎಂದರು ಅವರು. ಹೇಳಿಕೆ ಬರೆಯಲು ಕಾಗದ ಎಳೆದುಕೊಂಡರು. "ಇದನ್ನ ಆವತ್ತೇ ಯಾಕೆ ಹೇಳಲಿಲ್ಲ? ನಿಮಗೇನಾದರೂ ಕೊಟ್ಟಿದ್ದರಾ?"

"ಕೊಟ್ಟಿದ್ರು" ಎಂದಳು ತುಂಗಮ್ಮ.

"ಏನು?"

"ಮೊದಲ ಬೊಗಸೆ ಅಕ್ಕಿ ಹಾಕಾಕೆ ಬಿಟ್ಟಿದ್ರು."

ಇನ್ಸ್‌ಪೆಕ್ಟರು ಬರೆಯುತ್ತಿದ್ದವರು ನಿಲ್ಲಿಸಿದರು. "ಅದೇನು ಕೊಟ್ಟ ಹಾಗಾಯ್ತಮ್ಮ?" ಎಂದರು. ಅವಳು ವಿವರಿಸಲು ಹೋಗಲಿಲ್ಲ. ಅವರು ಆ ಮಾತನ್ನು ಬರೆದುಕೊಳ್ಳಲೂ ಇಲ್ಲ. ಉಳಿದದ್ದನ್ನು ಓದಿ ಹೇಳಿ, ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು. ಅವಳು ಹೊರಡುವಾಗ, ನಿಮ್ಮ ಕೆಲಸಕ್ಕೆ ಹೆದರಬೇಡಿ, ನೀವು ಕಾಯಂ, ನಿಮ್ಮನ್ನ ಯಾರೂ ಸುಮ್ಮಸುಮ್ಮನೆ ತೆಗೆಯೋ ಹಾಗಿಲ್ಲ ಎಂದು ಧೈರ್ಯ ಹೇಳಿದರು. ಅದನ್ನು ಕೇಳಿ ಅವಳಿಗೆ ಮೊದಲಿಗಿಂತ ಹೆಚ್ಚು ನಾಚಿಕೆಯಾಯಿತು. ಮಾಸ್ತಮ್ಮನಿಗೆ ತಪ್ಪಿಸಿದ್ದು ಇದನ್ನೇ ಅಲ್ಲವೇ ಎಂದುಕೊಳ್ಳುತ್ತ ಬಸ್ಸಿನಲ್ಲಿ ಕೂತು ಬಂದಳು.

ಮಹಾ ದೊಡ್ಡ ಮೊಕದ್ದಮೆಯೇನೂ ನಡೆಯಲಿಲ್ಲ. ಇನ್ಸ್‌ಪೆಕ್ಟರು ಮಹಾಬಲಯ್ಯನವರನ್ನು ಕರೆಸಿ ಮಾತಾಡಿದರು. ಸಾಹುಕಾರರಿಗೆ ಕೋರ್ಟು ಕಚೇರಿ ಎಂದರೆ ಆಗದು. ಮಾಸ್ತಮ್ಮನನ್ನು ಹಳೆಯ ತಿಂಗಳುಗಳನ್ನೂ ಸೇರಿಸಿ ಕೆಲಸಕ್ಕೆ ತೆಗೆದುಕೊಂಡರು. ಗೋಪಾಲಪ್ಪ ತುಂಗಮ್ಮನ ಜೊತೆ ಮಾತು ಬಿಟ್ಟ, ಅದರಿಂದ ಅವಳಿಗೆ ಲಾಭವೇ ಆಯಿತು. ಶಿವರಾತ್ರಿ ಕಳೆಯುವಷ್ಟರಲ್ಲಿ ಮಾಸ್ತಮ್ಮ ಕಾಯಂ ಆದಳು. ಪರೀಕ್ಷೆ ದಾಟಿ ಕಾಯಂ ಆದ ಮೊದಲನೆಯ ಹೆಂಗಸು ಅವಳೇ. ಅವಳ ಹಿಂದೆ ನನ್ನ ತಾಯಿಯೂ ಆದಳು, ಆ ಹೊಸಬಳೂ ಆದಳು.

ಹೀಗೆ ಎಲ್ಲ ಸರಿಹೋಯಿತು ಎಂದು ಬರೆದು ಮುಗಿಸಬಹುದಿತ್ತು. ನನ್ನ ತಾಯಿ ಅಷ್ಟಕ್ಕೆ ಮುಗಿಸುತ್ತಿರಲಿಲ್ಲ.

ಮಾಸ್ತಮ್ಮ ಕೂಸನ್ನು ಕಣಕ್ಕೆ ತರುತ್ತಿದ್ದಳು. ಚಪ್ಪರದ ಕಂಬಕ್ಕೆ ಹಳೆಯ ಸೀರೆಯ ಜೋಳಿಗೆ ಕಟ್ಟಿ ಮಲಗಿಸುತ್ತಿದ್ದಳು. ಕೂಸು ಅತ್ತರೆ ಹತ್ತಿರ ಇದ್ದವರು ಎತ್ತಿಕೊಳ್ಳುವುದು ಕಣದ ವಾಡಿಕೆ. ಎಲ್ಲ ಹೆಂಗಸರ ಸೊಂಟದ ಮೇಲೂ ಅದು ಕೂತು ಬೆಳೆಯಿತು. ಮಾಸ್ತಮ್ಮ ತುಂಗಮ್ಮನಿಗೆ ಎದುರು ಮಾತಾಡಿದವಳಲ್ಲ, ಹೇಳಿದ ಕೆಲಸ ಬಿಟ್ಟವಳಲ್ಲ, ಬುತ್ತಿ ಬಿಚ್ಚುವಾಗ ದೂರ ಕೂತವಳೂ ಅಲ್ಲ. ಕೂಸನ್ನು ಮಾತ್ರ ಅವಳ ಕೈಗೆ ಕೊಡಲಿಲ್ಲ. ತುಂಗಮ್ಮನೂ ಕೈ ಚಾಚಲಿಲ್ಲ.

ಒಂದು ಮಧ್ಯಾಹ್ನ ಮಾಸ್ತಮ್ಮ ಹಂಡೆಯ ಹತ್ತಿರ ಬಿಸಿ ಭತ್ತದ ಬುಟ್ಟಿ ತಲೆಗೆ ಏರಿಸಿಕೊಂಡಿದ್ದಳು. ನನ್ನ ತಾಯಿ ಕಣದ ಆಚೆ ಕೊನೆಯಲ್ಲಿದ್ದಳು. ಕೂಸು ಎದ್ದು, ಜೋಳಿಗೆಯ ಅಂಚಿಗೆ ಬಂದು, ಗಟ್ಟಿಯಾಗಿ ಅಳತೊಡಗಿತು. ಜೋಳಿಗೆಯ ಪಕ್ಕದಲ್ಲೇ ತುಂಗಮ್ಮ ನಿಂತಿದ್ದಳು. ಅವಳು ಗೋರೆಯನ್ನು ಕಂಬಕ್ಕೆ ಒರಗಿಸಿ, ಕೈ ಸೆರಗಿಗೆ ಒರೆಸಿಕೊಂಡು, ಮಾಸ್ತಮ್ಮನ ಮುಖ ನೋಡಿದಳು. ಕೂಸು ಬೀಳುವ ಹಾಗಿದ್ದುದರಿಂದ ಜೋಳಿಗೆಯ ಬಟ್ಟೆಯನ್ನಷ್ಟೇ ಒಂದು ಕೈಯಿಂದ ಹಿಡಿದುಕೊಂಡಳು.

ಮಾಸ್ತಮ್ಮ ಬುಟ್ಟಿಯ ಕೆಳಗಿನಿಂದ ಅವಳನ್ನು ನೋಡಿದಳು. ಆಮೇಲೆ ಕಣದ ಆ ಕೊನೆಗೆ ಕೂಗಿದಳು.

"ವನಜಕ್ಕಾ, ಸ್ವಲ್ಪ ಬಂದು ಕೂಸನ್ನ ಎತ್ಕೊಳ್ಳೇ."

ನನ್ನ ತಾಯಿ ಓಡಿ ಬರುವತನಕ ತುಂಗಮ್ಮ ಬಟ್ಟೆ ಹಿಡಿದುಕೊಂಡೇ ನಿಂತಿದ್ದಳು. ಕೂಸನ್ನು ಎತ್ತಿಕೊಂಡ ಮೇಲೆ ಬಿಟ್ಟಳು. ಅವಳಿಗೆ ಎಷ್ಟು ನೋವಾಯಿತೋ ಎಂದು ನನ್ನ ತಾಯಿ ಏನೋ ಸಮಾಧಾನ ಹೇಳಲು ಹೋದಳು.

"ಸುಮ್ನಿರು ವನಜಾ" ಎಂದಳು ತುಂಗಮ್ಮ. "ಅವಳು ಮಾಡಿದ್ದು ಸರಿ ಐತೆ." ಹಾಗೆಂದು ಗೋರೆ ತೆಗೆದುಕೊಂಡು ಭತ್ತ ಎಳೆಯಲು ಹೋದಳು.